ಮಾವನ ಮಹಡಿಯ ಕುರಿಮಂದೆ

ಹಿರಿಯೂರಿನ ನಮ್ಮ ಸೋದರಮಾವ ಕಂಪ್ಯೂಟರುಗಳಿಗೆ ದೃಷ್ಟಿ ತೆಗೆಯುತ್ತಾರೆ ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಅವರ ಮನೆಯ ಮಹಡಿ ಹತ್ತಿದವನು ಬಾಗಿಲಲ್ಲೇ ಬೆಚ್ಚಿ ನಿಂತೆ! ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು, ಮಿಣಮಿಣ ಎನ್ನುವ ನಾಲ್ಕು ಹೊಸ ಪೆಟ್ಟಿಗೆಗಳಿಗೆ ಮೂರು ಸುತ್ತು ನಿವಾಳಿಸುತ್ತಿದ್ದರು. ಆಮೇಲೆ ಅದನ್ನು ಕೆಂಡಕ್ಕೆ ಹಾಕಿ, "ನೋಡಲೇ, ಚೂರೂ ಘಾಟಿಲ್ಲ. ಎಷ್ಟ್ ದೃಷ್ಟಿ ತಾಗಿತ್ತು ಅಂತೀನಿ!" ಎಂದರು. ನಾನೋ ಆ ಘಾಟಿಗೆ ಒಂದೇ ಸಮನೆ ಸೀನುತ್ತಿದ್ದೆ.

ಮಾವನ ಹಿರಿಯರೆಲ್ಲ ಕುರಿ ಸಾಕಿದವರು. ಇವರೊಬ್ಬರು ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್ ಆಗಿ, ಕೆಟ್ಟ ಯಂತ್ರಗಳ ಹೊಟ್ಟೆ ಬಿಚ್ಚುತ್ತ ಬಿಚ್ಚುತ್ತ ಕಂಪ್ಯೂಟರ್ ಹುಚ್ಚು ಹಿಡಿಸಿಕೊಂಡರು. ನಿವೃತ್ತರಾದ ಮೇಲೆ ಆ ಹುಚ್ಚಿಗೆ ಮದುವೆಯೂ ಆಯಿತು! ಒಂದು ಕಂಪ್ಯೂಟರಿನೊಳಗೆ ಹತ್ತಾರು ಕಂಪ್ಯೂಟರುಗಳು ಇರಬಹುದಂತೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಕೆಲಸ ಮಾಡುತ್ತವಂತೆ. ಅವಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ. ಇನ್ನೂ ಸಣ್ಣವು ಕಂಟೇನರ್. ಮಾವ ಈ ಹೆಸರುಗಳನ್ನು ಒಪ್ಪುವುದಿಲ್ಲ. ದೊಡ್ಡವು ಕುರಿ, ಸಣ್ಣವು ಮರಿ, ಅವುಗಳನ್ನು ಇಟ್ಟ ಪೆಟ್ಟಿಗೆಯೇ ಹಟ್ಟಿ. ಮನೆಯ ಫೋಟೋಗಳನ್ನೆಲ್ಲ ಕಾಯುವುದು ಕೆಂಚಿ. ನೀರಿನ ಟ್ಯಾಂಕ್ ತುಂಬಿದಾಗ ಕೂಗುವುದು ಚುಕ್ಕಿ.

ಇವುಗಳಲ್ಲಿ ಒಂದು ಮರಿ ಮಾತ್ರ ತಮಾಷೆಯದಲ್ಲ. ನಮ್ಮ ಅತ್ತೆಗೆ ಎರಡು ವರ್ಷದಿಂದ ಮರೆವು. ಒಲೆ ಮರೆಯುತ್ತಾರೆ, ಮಾತ್ರೆ ಮರೆಯುತ್ತಾರೆ, ಒಮ್ಮೊಮ್ಮೆ ಯಾರ ಮನೆಯಲ್ಲಿದ್ದೇನೆ ಎಂಬುದನ್ನೂ ಮರೆಯುತ್ತಾರೆ. ಹಾಗಾಗಿ ಅಡುಗೆಮನೆಯ ಗೂಡಿನಲ್ಲಿ ಒಂದು ಸ್ಪೀಕರ್ ಇದೆ. ಗಂಟೆಗೊಮ್ಮೆ ಆ ಮರಿ ಮಾವನ ದನಿಯಲ್ಲೇ ಹೇಳುತ್ತದೆ: "ಲೇ ಇವಳೇ, ಇದು ನಮ್ಮನೆ, ಹಿರಿಯೂರು. ನಾನ್ ಮಹಡಿ ಮ್ಯಾಲಿದೀನಿ. ಒಲೆ ಆರ್ಸು." ನಾನು ಮೊದಲ ಸಲ ಕೇಳಿದಾಗ ಮಾವ ನನ್ನ ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದರು! ನನ್ನ ಕೈಯ ಲೋಟ ನೆಲಕ್ಕೆ ಬಿತ್ತು.

ಹಳೆಯ ಪೆಟ್ಟಿಗೆಗೆ ಮುಪ್ಪು ಬಂದಿದ್ದರಿಂದ ಮಂದೆಯನ್ನು ಹೊಸ ಹಟ್ಟಿಗೆ ಸಾಗಿಸುವುದೆಂದು ತೀರ್ಮಾನವಾಯಿತು. ಆ ನಾಲ್ಕು ಹೊಸ ಪೆಟ್ಟಿಗೆಗಳನ್ನು ಒಂದಕ್ಕೊಂದು ಜೋಡಿಸಿದ್ದರು. ಒಂದು ಮಲಗಿದರೆ ಇನ್ನೊಂದು ಅದರ ಹೊರೆ ಹೊರುತ್ತದಂತೆ. ನಾನು ದುರ್ಗದ ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ಪಟ್ಟಿ ಮಾಡೋಣವೆಂದು ಪೆನ್ನು ತೆಗೆದೆ.

"ಮಾವ, ಒಟ್ಟು ಎಷ್ಟ್ ಅವೆ?"

ಮಾವ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡರು. "ಲೇ! ಮಂದೆ ಎಣಿಸ್ತಾರೇನಲೇ? ನಮ್ಮಪ್ಪ ಒಂದಿನಾನೂ ಎಣಿಸ್ಲಿಲ್ಲ. ಮುಖ ನೋಡಿದ್ರೆ ಗೊತ್ತಾಗ್ತೈತೆ, ಯಾವ್ದು ಬಂತು, ಯಾವ್ದು ಬರ್ಲಿಲ್ಲ ಅಂತ."

ಮುಖವೇ ಇಲ್ಲದ ಕುರಿಗಳ ಮುಖ ನೋಡುವುದು ಹೇಗೆ?

ಬೆಳಿಗ್ಗೆ ಎಂಟಕ್ಕೆ ಸಾಗಾಟ ಶುರುವಾಯಿತು. "ಬಾರವ್ವ ಕೆಂಚಿ, ಹೋಗಾಣ" ಎಂದು ಮಾವ ಗುಂಡಿ ಒತ್ತುತ್ತಿದ್ದರು. ಪರದೆಯ ಮೇಲೆ ಒಂದು ಗೆರೆ ಆಮೆಯಂತೆ ತೆವಳುತ್ತಿತ್ತು. ಹತ್ತೂವರೆಗೆ ಚುಕ್ಕಿಯೂ ಹೋಯಿತು. ಹಟ್ಟಿ ಬದಲಾದ ಮೇಲೆ ಹಳೆಯ ಜಾಗವನ್ನು ಗುಡಿಸಿ ಬರುವುದು ಅವರ ಮನೆತನದ ಪದ್ಧತಿಯಂತೆ. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಮಾವ ಹಳೆಯ ಪೆಟ್ಟಿಗೆಯನ್ನು ಪೂರ್ತಿ ಅಳಿಸಿಹಾಕಿದರು!

ಹನ್ನೊಂದಾಯಿತು. ಕೆಳಗಿನಿಂದ ಸ್ಪೀಕರಿನ ಸದ್ದಿಲ್ಲ. ಹನ್ನೊಂದೂಕಾಲಾಯಿತು. ಮಾವ ನನ್ನ ಮುಖ ನೋಡಿದರು, ನಾನು ಮಾವನ ಮುಖ ನೋಡಿದೆ. ಇಬ್ಬರೂ ಮೆಟ್ಟಿಲಿಳಿದು ಓಡಿದೆವು. ಒಲೆ ಉರಿಯುತ್ತಿತ್ತು. ಸಾರು ಸೀದಿತ್ತು. ಅತ್ತೆ ಇರಲಿಲ್ಲ.

ಸಿಕ್ಕಿದ್ದು ಬಸ್ ಸ್ಟಾಪಿನಲ್ಲಿ. ಒಂದು ಚೀಲದಲ್ಲಿ ಎರಡು ಸೀರೆ ತುಂಬಿಕೊಂಡು, ರಾಮಗಿರಿ ಬಸ್ಸು ಯಾವಾಗ ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದರು. ರಾಮಗಿರಿ ಅವರ ತವರು. "ಅವ್ವ ಕಾಯ್ತಿರ್ತಾಳೆ" ಎಂದರು. ಆ ಅವ್ವ ತೀರಿಕೊಂಡು ಎಷ್ಟೋ ಕಾಲವಾಗಿದೆ. ಒಂದು ಬಸ್ಸು ಮೊದಲೇ ಬಂದಿದ್ದರೆ? ಮಾವ ಏದುಸಿರು ಬಿಡುತ್ತ, ಅಷ್ಟೂ ಜನರ ಮುಂದೆ, ಚಪ್ಪಲಿಯಿಲ್ಲದ ಕಾಲಿನಲ್ಲಿ ನಿಂತು ಹೇಳಿದರು: "ಲೇ ಇವಳೇ, ನಮ್ಮನೆ ಹಿರಿಯೂರು. ನಾನಿಲ್ಲೇ ಇದೀನಿ. ಒಲೆ ಆರ್ಸೀನಿ."

ಅತ್ತೆ ಸೆರಗು ಸರಿಮಾಡಿಕೊಂಡರು. "ಕಿವಿ ಐತ್ರೀ ನನಗೆ, ಕೂಗ್ತೀರ್ಯಾಕೆ?"

ಮನೆಗೆ ಬಂದ ಮೇಲೆ ಮಾವ ಹೊಸ ಹಟ್ಟಿಯನ್ನೆಲ್ಲ ಜಾಲಾಡಿದರು. ಕುರಿಗಳೆಲ್ಲ ಬಂದಿದ್ದವು. ಮರಿಗಳು ತಾಯಿಯ ಹಿಂದೆ ತಾವೇ ಬರುತ್ತವೆ ಎಂದುಕೊಂಡಿದ್ದರಂತೆ! ಕುರಿಗಳ ಹೊಟ್ಟೆಯೊಳಗಿದ್ದ ಮರಿಗಳೇನೋ ಬಂದಿದ್ದವು. ಅತ್ತೆಯ ಮರಿ ಮಾತ್ರ ಯಾವ ಕುರಿಯೊಳಗೂ ಸೇರದೆ ಹಳೆಯ ಪೆಟ್ಟಿಗೆಯ ಮೂಲೆಯಲ್ಲಿ ಒಂಟಿಯಾಗಿತ್ತು; ಪೆಟ್ಟಿಗೆಯೊಂದಿಗೆ ಅದೂ ಅಳಿಸಿಹೋಗಿತ್ತು.

"ಬ್ಯಾಕಪ್ ಐತಲ್ಲ ಮಾವ?"

"ಇತ್ತು."

"ಎಲ್ಲಿ?"

"ಅದರಾಗೇ."

ನಾನು ಬೈಯಬೇಕೆಂದು ಬಾಯಿ ತೆರೆದೆ. ಮಾವನ ಮುಖ ನೋಡಿ ಕುರ್ಚಿ ಎಳೆದು ಅವರ ಪಕ್ಕ ಕೂತೆ. ಅಷ್ಟು ಸಣ್ಣಗಾದ ಮುಖವನ್ನು ನಾನು ಅವರಲ್ಲಿ ಎಂದೂ ಕಂಡಿರಲಿಲ್ಲ.

ಮರಿಯನ್ನು ಮತ್ತೆ ಮೊದಲಿನಿಂದ ಕಟ್ಟಲು ಮೂರು ದಿನ ಹಿಡಿಯಿತು. ಆ ಮೂರೂ ದಿನ ಮಾವ ಗಂಟೆಗೊಮ್ಮೆ ಮಂಡಿನೋವು ಕಟ್ಟಿಕೊಂಡು ಮೆಟ್ಟಿಲಿಳಿದು, ಅಡುಗೆಮನೆಯ ಬಾಗಿಲಲ್ಲಿ ನಿಂತು ಅದೇ ಮಾತು ಹೇಳಿ ಹತ್ತಿಹೋಗುತ್ತಿದ್ದರು. ನಾಲ್ಕನೆಯ ದಿನ ಸ್ಪೀಕರ್ ಮಾತಾಡಿತು. ನಾನು ಬ್ಯಾಗು ಕಟ್ಟಿದೆ.

ಮೊನ್ನೆ ಮತ್ತೆ ಹೋಗಿದ್ದೆ. ಹನ್ನೊಂದಕ್ಕೆ ಸ್ಪೀಕರ್ ತನ್ನ ಮಾತು ಮುಗಿಸಿತು. ಅದರ ಬೆನ್ನಿಗೇ ಮೆಟ್ಟಿಲ ಮೇಲೆ ಕುಂಟು ಹೆಜ್ಜೆಯ ಸದ್ದು! ಮಾವ ಬಂದು ಬಾಗಿಲಲ್ಲಿ ನಿಂತು ಅಷ್ಟನ್ನೂ ಇನ್ನೊಮ್ಮೆ ಹೇಳಿದರು. ನನಗೆ ಸಿಟ್ಟೇ ಬಂತು.

"ಮರಿ ಸರಿಹೋತಲ್ಲ ಮಾವ. ದಿನಕ್ಕೆ ಇನ್ನೆಷ್ಟ್ ಸಲ ಹಿಂಗ್ ಇಳಿದು ಹತ್ತೋದು?"

"ಅದನ್ನೂ ಎಣಿಸ್ತಾರೇನಲೇ?" ಎಂದು ಮಾವ ಮಂಡಿ ನೀವಿಕೊಂಡರು. "ಮರಿ ಹೇಳಿದ್ರೆ ಕೇಳ್ತಾಳೆ, ಅಷ್ಟೆ. ನಾನ್ ಹೇಳಿದ್ರೆ ನಗ್ತಾಳೆ."