ರುಚಿ ನೋಡುವ ಸರದಿ

ದೇಶನೂರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವ ಹೊನ್ನೂರಸ್ವಾಮಿಗೆ ಆ ಮಂಗಳವಾರ ಒದಗಿದ ಫಜೀತಿಗೆಲ್ಲ ಒಂದು ಸೌಟು ಸಾಂಬಾರು ಕಾರಣ. ಅದೂ ಸರ್ಕಾರದ ಖರ್ಚಿನ ಸಾಂಬಾರು.

ಊರಿನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬಡಿಸುವ ಮೊದಲು ಯಾರಾದರೊಬ್ಬ ತಾಯಿ ಬಂದು ರುಚಿ ನೋಡಿ, ಪುಸ್ತಕದಲ್ಲಿ ನಾಲ್ಕು ಮಾತು ಬರೆದು ಸಹಿ ಹಾಕಬೇಕು. ಅವತ್ತು ಸರದಿ ಅವನ ಹೆಂಡತಿ ಜ್ಯೋತಿಯದು. ಅವಳು ಬೆಳಿಗ್ಗೆಯೇ ಅದನ್ನು ಗಂಡನ ತಲೆಗೆ ಕಟ್ಟಿದಳು.

"ನಾ ಹನ್ನೊಂದರ ಬಸ್ಸಿಗೆ ಸಿರುಗುಪ್ಪಕ್ಕ ಹೋಗಬೇಕ್ರಿ, ರೇಷನ್ ಕಾರ್ಡಿನ ಕೆಲಸ ಐತಿ. ಸಾಲಿಗೆ ನೀವ ಹೋಗ್ರಿ. ಹೆಂಗೂ ಊಟದಾಗ ತಪ್ಪು ಹುಡುಕೋದ್ರಾಗ ನಿಮ್ಮನ್ನ ಮೀರಿಸಿದವ್ರಿಲ್ಲ."

ಆ ಮಾತು ಸುಳ್ಳಲ್ಲ. ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುವ ಹಾಗೆಯೇ ಹೊನ್ನೂರಸ್ವಾಮಿ ಊಟವನ್ನೂ ಮಾಡುತ್ತಿದ್ದ. ಉಪ್ಪು ಕಡಿಮೆ, ಹುಳಿ ಜಾಸ್ತಿ, ಬೇಳೆ ಎಲ್ಲಿ? ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಅವನ ಬಾಯಿಂದ 'ಚಲೋ ಐತಿ' ಎಂಬ ಮಾತು ಬಂದಿರಲಿಲ್ಲ. ಹೋದ ವರ್ಷ ಉಪ್ಪಿಟ್ಟನ್ನು ಗೋಡೆಗೆ ಮೆತ್ತಬಹುದು ಎಂದದ್ದಕ್ಕೆ ಜ್ಯೋತಿ ಕೆಂಚನಗುಡ್ಡದ ತವರಿಗೆ ಹೋದವಳು ಇಪ್ಪತ್ತು ದಿನ ಬಂದಿರಲಿಲ್ಲ. ಆ ಇಪ್ಪತ್ತು ದಿನ ಅವನೂ ಮಗಳು ಹೇಮಾಳೂ ಅವನೇ ಬೇಯಿಸಿದ್ದನ್ನು ತಿಂದು ಬದುಕಿದ್ದೇ ಹೆಚ್ಚು.

ಶಾಲೆಗೆ ಹೋಗಲು ಅವನಿಗೂ ಒಳಗೊಳಗೆ ಕುತೂಹಲವಿತ್ತು. ಎಂಟು ದಿನದಿಂದ ಹೇಮಾ ಶಾಲೆಯ ಸಾಂಬಾರನ್ನು ಹೊಗಳಿದ್ದೇ ಹೊಗಳಿದ್ದು. ಸರ್ಕಾರ ಮಕ್ಕಳಿಗೆ ಮೊಟ್ಟೆ ಕೊಡುತ್ತದೆ, ಬಾಳೆಹಣ್ಣು ಕೊಡುತ್ತದೆ, ಸರಿ. ರುಚಿಗೂ ಅನುದಾನ ಬಂದಿದೆಯೇ?

ಅಡುಗೆ ಕೋಣೆಯಲ್ಲಿ ಅಡುಗೆಯ ಹಂಪಮ್ಮ ಬಲಗೈಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದಳು. ಎಡಗೈಯಿಂದಲೇ ಒಂದಿಷ್ಟು ಅನ್ನ, ಒಂದು ಸೌಟು ಸಾಂಬಾರು ಹಾಕಿಕೊಟ್ಟಳು. ಹೊನ್ನೂರಸ್ವಾಮಿ ಮೊದಲ ತುತ್ತು ಬಾಯಿಗಿಟ್ಟವನು ತಪ್ಪು ಹುಡುಕುವುದನ್ನೇ ಮರೆತ. ಎರಡನೇ ಸೌಟು ಹಾಕಿಸಿಕೊಂಡ. ಮೂರನೆಯದಕ್ಕೆ ತಟ್ಟೆ ಒಡ್ಡಿದಾಗ ಹಂಪಮ್ಮ ಸೌಟನ್ನು ಹಿಂದಕ್ಕೆಳೆದುಕೊಂಡಳು.

"ರುಚಿ ನೋಡ್ರಿ ಅಂದ್ರ ತಳ ನೋಡಾಕ ಹತ್ತೀರಲ್ಲ! ಇನ್ನೂ ಮಕ್ಕಳು ಉಣ್ಣಬೇಕು."

"ಏನ್ ಹಾಕೀರಿ ಹಂಪಕ್ಕ ಇದಕ್ಕ?"

"ತೊಗರಿಬೇಳಿ, ನುಗ್ಗಿಸೊಪ್ಪು, ಗಜ್ಜರಿ. ಎಲ್ಲಾ ಸರ್ಕಾರದ್ದ. ಕೈ ಮಾತ್ರ ನಂದಲ್ಲ, ನಂದು ಸುಟ್ಟೈತಿ."

"ಮತ್ತ ಯಾರ್ದು?"

"ಅದನ್ನ ಮಾತ್ರ ಕೇಳಬ್ಯಾಡ್ರಿ," ಎಂದು ಹಂಪಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು.

ಹೊಟ್ಟೆ ತುಂಬಿದ ಸಂತೋಷದಲ್ಲಿ ಹೊನ್ನೂರಸ್ವಾಮಿ ಹಿಂದೆಮುಂದೆ ನೋಡದೆ ಪುಸ್ತಕದಲ್ಲಿ ಬರೆದ: 'ಹದಿನಾಲ್ಕು ವರ್ಷದಿಂದ ಇಂಥ ಸಾಂಬಾರು ತಿಂದಿಲ್ಲ. ಮಾಡಿದ ಕೈಗೆ ಬಂಗಾರದ ಬಳೆ ತೊಡಿಸಬೇಕು.' ಹೆಡ್ ಮಾಸ್ಟರ್ ಚಿದಾನಂದಪ್ಪನವರು ಅದರ ಫೋಟೋ ಹೊಡೆದು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿಯೇಬಿಟ್ಟರು.

ಗೇಟಿನ ಹತ್ತಿರ ಪಕ್ಕದ ಮನೆಯ ಉಚ್ಚಂಗೆಮ್ಮ ಮೊಬೈಲನ್ನು ಕಣ್ಣಿಗಂಟಿಸಿಕೊಂಡು ನಿಂತಿದ್ದಳು.

"ಲೇ ಹೊನ್ನೂರಾ, ನಿನ್ನ ಲಗ್ನ ಆಗಿ ಎಷ್ಟು ವರ್ಷ ಆತೋ?"

"ಹದಿನಾಕು," ಎಂದ ಮೇಲೆ ಅವನಿಗೆ ತಾನು ಬರೆದದ್ದರ ಅರ್ಥ ಹೊಳೆಯಿತು.

"ತಡಿ, ಜ್ಯೋತಿಗೆ ಈಗಲೇ ಫೋನ್ ಮಾಡ್ತೀನಿ!" ಮುದುಕಿ ಚಪ್ಪಾಳೆ ತಟ್ಟಿ ನಕ್ಕಳು. ಊರ ಜಗಳವೆಂದರೆ ಇವಳಿಗೆ ಹಬ್ಬ ಎಂದು ಹೊನ್ನೂರಸ್ವಾಮಿ ಮನಸ್ಸಿನಲ್ಲೇ ಬೈದುಕೊಂಡ.

ಅಂಗಡಿಗೆ ಬಂದರೆ ಅಲ್ಲಿಗೂ ಸುದ್ದಿ ಮುಟ್ಟಿತ್ತು. ಎದುರಿನ ಹೋಟೆಲ್ಲಿನ ಓಬಣ್ಣ ಅಲ್ಲಿಂದಲೇ ಕೂಗಿದ: "ರಾತ್ರಿ ಊಟ ನಮ್ಮಲ್ಲೇ ಮಾಡಪ್ಪ. ನಿನ್ನ ಮನ್ಯಾಗ ಒಲಿ ಹಚ್ಚಂಗಿಲ್ಲ."

ಹೊನ್ನೂರಸ್ವಾಮಿ ಜ್ಯೋತಿಗೆ ನಾಲ್ಕು ಸಲ ಫೋನ್ ಮಾಡಿದ. ಎತ್ತಲಿಲ್ಲ. ಗುಂಪಿನಲ್ಲಿ ನೋಡಿದರೆ ಅವಳು ಆ ಫೋಟೋ ನೋಡಿದ್ದು ಗೊತ್ತಾಗುತ್ತಿತ್ತು, ಉತ್ತರ ಮಾತ್ರವಿಲ್ಲ. ಸಿರುಗುಪ್ಪದಿಂದ ಹಾಗೇ ಕೆಂಚನಗುಡ್ಡದ ಬಸ್ಸು ಹತ್ತಿಬಿಟ್ಟರೆ ಏನು ಗತಿ? ಕೈಯಲ್ಲಿದ್ದ ಚಕ್ರವನ್ನು ಅಲ್ಲೇ ಬಿಟ್ಟು ಶಾಲೆಗೆ ಓಡಿದ.

"ಸರ, ಆ ಫೋಟೋ ತೆಗೀರಿ. ನಾ ಬರೆದಿದ್ದನ್ನ ಹೊಡೆದು ಹಾಕ್ರಿ."

ಚಿದಾನಂದಪ್ಪನವರು ತಲೆಯಾಡಿಸಿದರು. "ಬರೆದಿದ್ದನ್ನ ಹೊಡಿಯಾಕ ಬರಂಗಿಲ್ಲ. ಹಂಪಮ್ಮನ ಜೊತೆ ಇನ್ನೊಬ್ಬರನ್ನ ಅಡಿಗಿಗೆ ತಗೋಬೇಕು. ಇಬ್ಬರು ಅರ್ಜಿ ಹಾಕ್ಯಾರ, ಇಬ್ಬರ ಕೈಲೂ ಎಂಟೆಂಟು ದಿನ ಮಾಡಿಸೀವಿ. ಮೂರು ಗಂಟಿಗೆ ಸಭಿ. ಈ ಪುಸ್ತಕ ನೋಡೇ ತೀರ್ಮಾನ. ರುಚಿ ನೋಡೋರಿಗೆ ಹೆಸರು ಹೇಳಬಾರದು ಅಂತ ನಾನೇ ನಿಯಮ ಮಾಡೀನಿ."

"ಹಂಗಾದ್ರ ಕೆಳಗ ಇನ್ನೊಂದು ಮಾತು ಬರೀಬಹುದೇನ್ರಿ?"

"ಬರೀಬಹುದು. ಆದ್ರ..." ಹೆಡ್ ಮಾಸ್ಟರು ಕನ್ನಡಕದ ಮೇಲಿಂದ ಅವನನ್ನು ವಿಚಿತ್ರವಾಗಿ ನೋಡಿದರು. "ವಿಚಾರ ಮಾಡಿ ಬರೀರಿ, ಹೊನ್ನೂರಸ್ವಾಮಿ."

ಪೆನ್ನು ಹಿಡಿದವನಿಗೆ ಒಂದು ಕ್ಷಣ ಪಾಪ ಅನ್ನಿಸಿತು. ಯಾರೋ ಬಡಪಾಯಿ ಹೆಂಗಸು, ಎಂಟು ದಿನ ಹೊಗೆ ಕುಡಿದು ಕಷ್ಟಪಟ್ಟಿದ್ದಾಳೆ. ಆದರೆ ಊರಿನವರ ಮನೆ ಉಳಿಸಲು ಹೋಗಿ ತನ್ನ ಮನೆ ಹಾಳುಮಾಡಿಕೊಳ್ಳಲೇ? ಬರೆದ: 'ಪುನಃ ಯೋಚಿಸಲಾಗಿ, ಸಾಂಬಾರು ನೀರುನೀರು. ಉಪ್ಪು ಜಾಸ್ತಿ. ಹೊಟ್ಟೆ ಗುಡುಗುಡು ಅನ್ನುತ್ತಿದೆ. ನನ್ನ ಹೆಂಡತಿಯ ಅಡುಗೆಯ ಮುಂದೆ ಇದು ಏನೇನೂ ಅಲ್ಲ.' ತಾನೇ ಫೋಟೋ ತೆಗೆದು ಗುಂಪಿಗೆ ಹಾಕಿ, ಬೆವರು ಒರೆಸಿಕೊಂಡ.

ಸಂಜೆ ಜ್ಯೋತಿ ಬಸ್ಸಿಳಿದು ನೆಟ್ಟಗೆ ಮನೆಗೇ ಬಂದಳು. ಹೊನ್ನೂರಸ್ವಾಮಿಗೆ ಹೋದ ಜೀವ ಬಂದಂತಾಯಿತು.

"ನಾ ಬರೆದಿದ್ದು ಓದಿದಿ?" ಎಂದು ಎದೆಯುಬ್ಬಿಸಿ ಕೇಳಿದ.

"ಎರಡೂ ಓದಿದೆ." ಅವಳು ಚೀಲದಿಂದ ಒಂದು ಕಾಗದ ತೆಗೆದು ಅವನ ಕೈಗಿಟ್ಟಳು. ದವಾಖಾನೆಯ ಸರ್ಟಿಫಿಕೇಟು. ಶಾಲೆಯ ಅಡುಗೆ ಕೆಲಸ ಮಾಡುವಷ್ಟು ಆರೋಗ್ಯವಂತಳೆಂದು ಅದರಲ್ಲಿ ಬರೆದಿತ್ತು. ಹೆಸರು ಜ್ಯೋತಿ.

"ಎಂಟು ದಿನದಿಂದ ನೀವು ಅಂಗಡಿಗೆ ಹೋದ ಮ್ಯಾಲೆ ನಾನ ಹೋಗಿ ಸಾಂಬಾರ ಮಾಡ್ತಿದ್ದೆ. ಇವತ್ತೂ ಮಾಡಿಟ್ಟು ಬಸ್ಸು ಹತ್ತಿದ್ದೆ."

ಹೊನ್ನೂರಸ್ವಾಮಿ ಕಾಗದವನ್ನೂ ಹೆಂಡತಿಯನ್ನೂ ನೋಡಿದ. "ಮತ್ತ ಮನ್ಯಾಗ ಯಾಕ ಹಂಗ ಆಗಂಗಿಲ್ಲ?"

"ಅಲ್ಲಿ ಸರ್ಕಾರ ಬೇಳಿ ಕೊಡ್ತದ, ಸೊಪ್ಪು ಕೊಡ್ತದ. ಇಲ್ಲಿ ನೀವು ಏನ್ ತಂದು ಕೊಡ್ತೀರಿ?"

"ನಂಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರ ಮೊದಲ ತುತ್ತಿಗೇ ತಪ್ಪು ಹುಡುಕ್ತಿದ್ರಿ." ಜ್ಯೋತಿಯ ದನಿ ಸಣ್ಣದಾಯಿತು. "ಮೊದಲನೇದನ್ನ ದವಾಖಾನ್ಯಾಗ ನಾಕು ಸಲ ಓದಿದೆ. ಕಣ್ಣಾಗ ನೀರು ಬಂದು ಚೀಟಿ ಮಾಡಿಸೋದೂ ಮರ್ತಿದ್ದೆ. ಮೂರು ಗಂಟಿಗಿಂತ ಮೊದಲ ಎರಡನೇದು ಬಂತು. ಕೆಲಸ ಅರ್ಜಿ ಹಾಕಿದ್ದ ಇನ್ನೊಬ್ಬಾಕಿ ಯಂಕಮ್ಮಗ ಆತು."

ಅಷ್ಟರಲ್ಲಿ ಮೊಬೈಲು ಗುಂಯ್‌ಗುಟ್ಟಿತು. ಹೇಮಾ ಎತ್ತಿಕೊಂಡು ಗಟ್ಟಿಯಾಗಿ ಓದಿದಳು: 'ದಾಕ್ಷಿಣ್ಯವಿಲ್ಲದೆ ಅಭಿಪ್ರಾಯ ಬರೆದ ಹೊನ್ನೂರಸ್ವಾಮಿಯವರೇ ಈ ವರ್ಷ ಪೂರ್ತಿ ರುಚಿ ನೋಡಬೇಕೆಂದು ಸಭೆ ತೀರ್ಮಾನಿಸಿದೆ.' ಓದಿ ಮುಗಿಸಿ ಮರುಕದಿಂದ ಅಪ್ಪನ ಮುಖ ನೋಡಿದಳು. "ಅಪ್ಪಾ, ಯಂಕಮ್ಮ ಮಾಡಿದ್ದು ನೀ ಇನ್ನೂ ತಿಂದಿಲ್ಲ."

ಜ್ಯೋತಿ ಎದ್ದು ಒಳಗೆ ಹೋದಳು. ಹೊನ್ನೂರಸ್ವಾಮಿಗೆ ನಿಜವಾಗಿ ನಾಚಿಕೆಯಾಯಿತು. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಬಾಯಿಬಿಟ್ಟು ಹೇಳಿದ: "ಜ್ಯೋತಿ, ನಿನ್ನ ಸಾಂಬಾರ ಖರೇನ ಚಲೋ ಇತ್ತು."

"ಸಭಿ ಮುಗದೈತ್ರಿ," ಎಂದು ಒಳಗಿನಿಂದ ಉತ್ತರ ಬಂತು.