ಸೋಮಕ್ಕನ ಕಿವಿ ಮತ್ತು ನನ್ನ ಸೀಟಿ

ಮನುಷ್ಯನಿಗೆ ಅವನ ಯಾವ ಗುಣದಿಂದ ಕೆಲಸ ಸಿಗುತ್ತದೆ ಎಂದು ಹೇಳಲು ಬರುವುದಿಲ್ಲ. ಕೆಲವರಿಗೆ ಓದಿನಿಂದ ಸಿಗುತ್ತದೆ, ಕೆಲವರಿಗೆ ಮಾವನಿಂದ. ನನಗೆ ಸಿಕ್ಕಿದ್ದು ಪುಕ್ಕಲುತನದಿಂದ. ಸ್ಟೂಲಿನ ಮೇಲೆ ನಿಂತರೆ ನನ್ನ ಮೊಣಕಾಲು ನನ್ನ ಮಾತು ಕೇಳುವುದಿಲ್ಲ. ಹೊನ್ನಾವರದ ನಮ್ಮ ಮನೆಯಲ್ಲಿ ಬಲ್ಬು ಬದಲಾಯಿಸುವವಳು ನನ್ನ ಹೆಂಡತಿ. ನಾನು ಕೆಳಗೆ ಸ್ಟೂಲು ಹಿಡಿದುಕೊಂಡು ಕಣ್ಣು ಮುಚ್ಚಿರುತ್ತೇನೆ. ಇಂಥ ನಾನು ಮೂರು ಮಹಡಿಯ ಕಟ್ಟಡವೊಂದರ ಸುರಕ್ಷತಾ ಅಧಿಕಾರಿಯಾದೆ ಎಂದರೆ ನೀವು ನಗುತ್ತೀರಿ. ನಗಿ. ನಮ್ಮ ಸೈಟಿನವರೆಲ್ಲ ನಕ್ಕು ಮುಗಿಸಿದ್ದಾರೆ.

ನಮ್ಮ ಗುತ್ತಿಗೆದಾರರು ಭಟ್ಕಳದ ಇಸ್ಮಾಯಿಲ್ ಸಾಹೇಬರು. ಅವರ ಹತ್ತಿರ ನಾನು ಹನ್ನೊಂದು ವರ್ಷ ಸ್ಟೋರು ನೋಡಿಕೊಂಡಿದ್ದೆ. ಸಿಮೆಂಟು ಎಷ್ಟು ಬಂತು, ಕಬ್ಬಿಣ ಎಷ್ಟು ಹೋಯಿತು ಎಂದು ನೆಲದ ಮೇಲೆ ನಿಂತು ಬರೆಯುವ ಕೆಲಸ. ಗೋಕರ್ಣಕ್ಕೆ, ಓಂ ಬೀಚಿಗೆ, ಯಾಣಕ್ಕೆ ಬರುವ ಪ್ರವಾಸಿಗರಿಗಾಗಿ ಕುಮಟೆಯಲ್ಲಿ ಒಂದು ಲಾಡ್ಜು ಕಟ್ಟುವ ಕೆಲಸ ಸಾಹೇಬರಿಗೆ ಸಿಕ್ಕಿದಾಗ ಅವರು ನನ್ನನ್ನು ಕರೆದರು. "ನಾಯ್ಕರೆ, ಇನ್ನು ಸೈಟಿಗೊಬ್ಬ ಸೇಫ್ಟಿಯವ ಬೇಕಂತೆ. ನೀವೇ ಆಗಿ" ಎಂದರು. ನಾನು ಗಾಬರಿಯಿಂದ, "ಸಾಹೇಬ್ರೆ, ನಂಗೆ ಏಣಿ ಕಂಡ್ರೇ ಹೆದ್ರಿಕೆ" ಎಂದೆ. "ಅದಕ್ಕೇ ನೀವು! ಧೈರ್ಯ ಇದ್ದವನಿಗೆ ಈ ಕೆಲಸ ಕೊಟ್ರೆ ಅವನೇ ಮೊದ್ಲು ಬೀಳ್ತಾನೆ" ಎಂದು ಬೆನ್ನು ತಟ್ಟಿ, ಒಂದು ಹಳದಿ ಹೆಲ್ಮೆಟ್ಟು, ಒಂದು ಸೀಟಿ, ಒಂದು ದಪ್ಪ ರಿಜಿಸ್ಟರು ಕೊಟ್ಟರು. ಎರಡು ದಿನ ತರಬೇತಿಯೂ ಆಯಿತು. ಅಲ್ಲಿ ತೋರಿಸಿದ ಚಿತ್ರಗಳಲ್ಲಿ ಜನ ಎಲ್ಲೆಲ್ಲಿಂದಲೋ ಬೀಳುತ್ತಿದ್ದರು. ಆ ರಾತ್ರಿ ನಾನು ಮಂಚ ಬಿಟ್ಟು ಚಾಪೆಯ ಮೇಲೆ ಮಲಗಿದೆ.

ಸೈಟಿಗೆ ಇಪ್ಪತ್ತು ಹೆಲ್ಮೆಟ್ಟು ತರಿಸಿ, ಎಲ್ಲರ ಕೈಗೂ ಒಂದೊಂದು ಕೊಟ್ಟು, ಸಣ್ಣ ಭಾಷಣವನ್ನೂ ಮಾಡಿದೆ. ಒಂದು ವಾರ ಕಳೆಯುವುದರೊಳಗೆ ತಲೆಯ ಮೇಲೆ ಇದ್ದದ್ದು ಒಂದೇ, ಅದೂ ನನ್ನ ತಲೆಯ ಮೇಲೆ. ಉಳಿದವು ಎಲ್ಲಿ ಹೋಗುತ್ತವೆ ಎಂಬ ಕುತೂಹಲದಿಂದ ನಾನು ಪತ್ತೇದಾರನ ಹಾಗೆ ಸೈಟು ಸುತ್ತಿದೆ. ಒಂದರಲ್ಲಿ ಬಡಿಗ ಮೊಳೆ ತುಂಬಿಸಿ ಗೋಡೆಗೆ ನೇತುಹಾಕಿದ್ದ. ಇನ್ನೊಂದರಿಂದ ಗೋಡೆಗೆ ನೀರು ಎರಚುತ್ತಿದ್ದರು. ಮೂರನೆಯದರಲ್ಲಿ ಅಘನಾಶಿನಿ ಹೊಳೆಯ ಬೆಳಚು ಎಂಬ ಚಿಪ್ಪುಮೀನು ಮಣ್ಣು ಬಿಡಲೆಂದು ನೀರಿನಲ್ಲಿ ನೆನೆದು ಕೂತಿತ್ತು. ಪಕ್ಕದ ಮನೆಯ ಕೋಳಿಯೊಂದು ನಾಲ್ಕನೆಯದರಲ್ಲಿ ಮೊಟ್ಟೆ ಇಟ್ಟು, ನಾನು ಕೈ ಹಾಕಿದಾಗ ಕುಕ್ಕಿತು. ಇಡೀ ಸೈಟಿನಲ್ಲಿ ಸುರಕ್ಷತೆಯ ಬಗ್ಗೆ ಗಂಭೀರವಾಗಿದ್ದ ಇನ್ನೊಂದು ಜೀವ ಅದೇ ಎಂದು ನನಗನಿಸಿತು.

ಬೈಯಬಹುದಿತ್ತು. ಆದರೆ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಬಂದದ್ದು ಆಶ್ಚರ್ಯ. ಇವರಿಗೆಲ್ಲ ಹೆದರಿಕೆಯೇ ಇಲ್ಲವೆ? ಇದ್ದರೆ ಅದನ್ನು ಎಲ್ಲಿಡುತ್ತಾರೆ? ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ಮೇಸ್ತ್ರಿ ಗಣಪತಿ ಕೇಳಿದಾಗಲೆಲ್ಲ ಬೇರೆ ಬೇರೆ ಕಾರಣ ಕೊಡುತ್ತಿದ್ದ. ಸೋಮವಾರ ಸೆಕೆ ಎಂದ. ಮಂಗಳವಾರ, ಹಾಕಿದ್ರೆ ಕಿವಿ ಕೇಳೂದಿಲ್ಲ ಎಂದ. ಬುಧವಾರ ನನ್ನನ್ನೇ ಪ್ರಶ್ನೆ ಕೇಳಿದ. "ಅಲ್ಲ ನಾಯ್ಕರೆ, ಯಾಣದ ಬಂಡೆ ಕಂಡೀರಾ? ಅಷ್ಟು ದೊಡ್ಡ ಬಂಡೆ ಬುಡದಲ್ಲಿ ನಿಂತು ಜನ ಕೈ ಮುಗೀತಾರೆ. ಯಾರಾದ್ರೂ ಹೆಲ್ಮೆಟ್ ಹಾಕ್ಕಂಡು ಬತ್ತಾರಾ?" ಇದಕ್ಕೆ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ.

ನೆಟ್ಟಗೆ ಉತ್ತರ ಕೊಟ್ಟವಳು ಸೋಮಕ್ಕ ಒಬ್ಬಳೇ. ಹತ್ತಿರದ ಕಾಗಾಲ ಹಳ್ಳಿಯವಳು, ಗದ್ದೆ ಕೆಲಸ ಇಲ್ಲದ ತಿಂಗಳುಗಳಲ್ಲಿ ಜಲ್ಲಿ, ಕಾಂಕ್ರೀಟಿನ ಬಾಣಲೆ ಹೊರಲು ಬರುತ್ತಿದ್ದಳು. ವಯಸ್ಸು ಐವತ್ತೈದರ ಮೇಲೆ, ಮೈ ಸಣಕಲು, ದನಿ ಮಾತ್ರ ಕಟ್ಟಡಕ್ಕಿಂತ ಎತ್ತರ. ಬಾಣಲೆ ಹೊರುವಾಗಲೂ ಹಾಡು, ಇಳಿಸುವಾಗಲೂ ಹಾಡು. ನಾನು, "ಸೋಮಕ್ಕ, ಹೆಲ್ಮೆಟ್ ಎಂತಕ್ಕೆ ಹಾಕೂದಿಲ್ಲ?" ಎಂದು ಕೇಳಿದೆ. ಅವಳು ತಲೆಯ ಮೇಲಿದ್ದ ಬಟ್ಟೆಯ ಸಿಂಬೆಯನ್ನು ತೆಗೆದು ನನ್ನ ಕೈಗಿಟ್ಟಳು. "ಇದ್ರ ಮೇಲೆ ಬಾಣ್ಲೆ ನಿಲ್ತದೆ. ನಿಮ್ಮ ಟೊಪ್ಪಿ ಮೇಲೆ ನಿಲ್ಲೂದಿಲ್ಲ. ನಂಬ್ಕಿ ಇಲ್ದಿದ್ರೆ ನೀವೇ ಹೊತ್ತು ನೋಡಿ" ಎಂದಳು.

ಪ್ರಯೋಗ ಮಾಡದೆ ಮಾತಾಡಬಾರದು ಎಂದು ನಾನು ಹೆಲ್ಮೆಟ್ಟಿನ ಮೇಲೆ ಅರ್ಧ ಬಾಣಲೆ ಜಲ್ಲಿ ಹೊತ್ತೆ. ಎರಡು ಹೆಜ್ಜೆ ಚೆನ್ನಾಗಿಯೇ ನಡೆದೆ. ಮೂರನೆಯ ಹೆಜ್ಜೆಗೆ ಬಾಣಲೆ ನುಣ್ಣನೆಯ ಹೆಲ್ಮೆಟ್ಟಿನ ಮೇಲಿಂದ ಜಾರಿ ನನ್ನ ಬಲಗಾಲಿನ ಹೆಬ್ಬೆರಳಿನ ಮೇಲೆ ಕೂತಿತು. ಸೈಟಿನ ಅಪಘಾತ ರಿಜಿಸ್ಟರಿನಲ್ಲಿ ಮೊದಲ ಹೆಸರು ನನ್ನದೇ. ಕಾರಣ ಎಂಬ ಜಾಗದಲ್ಲಿ "ಹೆಲ್ಮೆಟ್ಟು" ಎಂದು ಬರೆಯಬೇಕಾಗಿ ಬಂತು.

ಆದರೆ ಕುಂಟುತ್ತ ಕೂತಾಗ ಒಂದು ವಿಷಯ ಹೊಳೆಯಿತು. ಈ ನಿಯಮ ಬರೆದವರು ಯಾರೂ ತಲೆಯ ಮೇಲೆ ಏನನ್ನೂ ಹೊತ್ತವರಲ್ಲ. ತಲೆಗೆ ಹೆಲ್ಮೆಟ್ಟು ಬೇಕಾದರೆ ಮೊದಲು ತಲೆ ಖಾಲಿಯಾಗಬೇಕು. ಮೇಸ್ತ್ರಿಯನ್ನೂ ಸೋಮಕ್ಕನನ್ನೂ ಕೂರಿಸಿಕೊಂಡು ಮಾತಾಡಿದೆ. ಬಾಣಲೆ ಹೊತ್ತು ಓಡಾಡುವ ಬದಲು ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡುವುದೆಂದು ತೀರ್ಮಾನವಾಯಿತು. "ಆತು, ಆದ್ರೆ ತಾಳ ನಾನು ಹಾಕೂದು" ಎಂದಳು ಸೋಮಕ್ಕ. ನನಗೇನೂ ಅರ್ಥವಾಗದಿದ್ದರೂ ಒಪ್ಪಿಕೊಂಡೆ. ಮರುದಿನದಿಂದ ಹೆಲ್ಮೆಟ್ಟುಗಳು ಒಂದೊಂದಾಗಿ ತಲೆಗೆ ಮರಳಿದವು. ಕೋಳಿಯದ್ದನ್ನು ಮಾತ್ರ ಕೋಳಿಗೇ ಬಿಟ್ಟೆವು.

ಈ ಗೆಲುವಿನಿಂದ ನನಗೆ ಸ್ವಲ್ಪ ತಲೆ ತಿರುಗಿತು. ಸುರಕ್ಷತೆಯಲ್ಲಿ ಇನ್ನೇನು ಮಾಡಬಹುದು ಎಂದು ಹುಡುಕತೊಡಗಿದೆ. ಕೆಲಸದವರಿಗೆ ಕುಡಿಯುವ ನೀರು ನೆರಳಿನಲ್ಲಿ, ಕೈಗೆ ಸಿಗುವ ಹಾಗೆ ಇರಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಸೈಟಿನಲ್ಲಿ ಒಳ್ಳೆಯ ನೆರಳು ಇದ್ದದ್ದು ಸೆಂಟ್ರಿಂಗ್ ಅಡಿಯಲ್ಲಿ. ಸ್ಲ್ಯಾಬು ಹಾಕಲು ಮೇಲೆ ಹಲಗೆ ಹಾಸಿ, ಕೆಳಗೆ ಗಾಳಿಮರದ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಆಸರೆ ಕೊಡುತ್ತಾರಲ್ಲ, ಅದರ ಅಡಿಯಲ್ಲಿ. ಅಲ್ಲೊಂದು ಮೂಲೆಯಲ್ಲಿ ನಲ್ಲಿ ಇರುವ ನೀಲಿ ಡ್ರಮ್ಮು ಇಡಿಸಿದೆ. "ಕುಡಿಯುವ ನೀರು: ಇದೆ" ಎಂದು ರಿಜಿಸ್ಟರಿನಲ್ಲಿ ದಿನಾ ಗುರುತು ಹಾಕಿದೆ. ನೀರು ಇತ್ತು. ಡ್ರಮ್ಮಿನಲ್ಲಿ ಎಷ್ಟಿತ್ತು, ನೆಲದಲ್ಲಿ ಎಷ್ಟಿತ್ತು ಎಂದು ನೋಡುವ ಅಭ್ಯಾಸ ನನಗಿರಲಿಲ್ಲ.

ಸ್ಲ್ಯಾಬು ಹಾಕುವ ದಿನ ಬಂತು. ಬೆಳಿಗ್ಗೆ ಎಂಟಕ್ಕೆ ಮಿಕ್ಸರು ಗುಡುಗತೊಡಗಿತು. ಮೇಲೆ ಹಲಗೆಯ ಮೇಲೆ ಮೇಸ್ತ್ರಿಯೂ ಸೇರಿ ಒಂಬತ್ತು ಜನ. ಕೆಳಗಿನಿಂದ ಇಳಿಜಾರು ಹಲಗೆಯವರೆಗೆ ಹೆಂಗಸರು ಗಂಡಸರ ಸಾಲು. ಸೋಮಕ್ಕ ಸಾಲಿನ ನಡುವೆ, ಸೆಂಟ್ರಿಂಗಿನ ಮೂಲೆಗೆ ಹತ್ತಿರ ನಿಂತಿದ್ದಳು. ಅವಳು ಒಂದು ಸೊಲ್ಲು ಹೇಳುವುದು, ಸಾಲಿನವರು ಅದನ್ನೇ ಎತ್ತಿಕೊಳ್ಳುವುದು, ಸೊಲ್ಲಿನ ಕೊನೆಗೆ ಎಲ್ಲರ ಕೈಯಿಂದಲೂ ಬಾಣಲೆ ಒಟ್ಟಿಗೆ ಮುಂದಕ್ಕೆ ಹೋಗುವುದು. ಯಾರೋ ಮದುಮಗ ಹೊಳೆ ದಾಟಲು ದೋಣಿ ಸಿಗದೆ ದಂಡೆಯಲ್ಲಿ ನಿಂತ ಹಾಡು. ಅವನು ದಾಟುತ್ತಾನೋ ಇಲ್ಲವೋ ಎಂಬ ಯೋಚನೆಯಲ್ಲಿ ನಾನು ರಿಜಿಸ್ಟರು ಹಿಡಿದು ಅಂಗಳದಲ್ಲಿ ಕುರ್ಚಿಯ ಮೇಲೆ ಕೂತಿದ್ದೆ.

ಅರ್ಧ ಸ್ಲ್ಯಾಬು ಮುಗಿದಿರಬೇಕು. ಹಾಡು ಸೊಲ್ಲಿನ ನಡುವೆಯೇ ನಿಂತಿತು. ಮದುಮಗ ಮುಳುಗಿದನೋ ಏನೋ ಎಂದು ನಾನು ತಲೆ ಎತ್ತಿದೆ. ಸೋಮಕ್ಕ ಕೈಯಲ್ಲಿದ್ದ ಬಾಣಲೆಯನ್ನು ನೆಲಕ್ಕಿಟ್ಟು, ಕಿವಿಯನ್ನು ಮೂಲೆಯ ಕಡೆ ತಿರುಗಿಸಿ ನಿಂತಿದ್ದಳು. ಆಮೇಲೆ ಕೂಗಿದಳು. "ಗಣಪತೀ, ಮೇಲಿನೋರೆಲ್ಲ ಇಳೀರಿ! ಕಂಬ ಕೂರ್ತಾ ಉಂಟು!"

ಮೇಲಿನಿಂದ ಮೇಸ್ತ್ರಿ, "ಎಂತ ಸೋಮಕ್ಕ? ಈಗ ನಿಲ್ಸಿದ್ರೆ ಮಾಲು ಗಟ್ಟಿ ಆಗ್ತದೆ!" ಎಂದ.

"ಮಾಲು ಹಾಳಾಗ್ಲಿ ಮಾರಾಯ, ನೀ ಇಳಿ!"

ಕೆಲಸ ನಿಲ್ಲಿಸುವ ಅಧಿಕಾರ ಇದ್ದದ್ದು ನನಗೆ. ಅದಕ್ಕಾಗಿಯೇ ಕೊರಳಿನಲ್ಲಿ ಸೀಟಿ ಇತ್ತು. ನಾನು ಎದ್ದು ಸೀಟಿಯನ್ನು ಬಾಯಿಗಿಟ್ಟು ಊದಿದೆ. ಹೆದರಿಕೆಗೆ ಬಾಯಿ ಒಣಗಿ, ತುಟಿ ನಡುಗಿ, ಅದರಿಂದ ಬಂದದ್ದು ಸೈಕಲ್ಲಿನ ಗಾಳಿ ಬಿಟ್ಟಂಥ ಒಂದು ಸದ್ದು ಮಾತ್ರ. ಪಕ್ಕದಲ್ಲಿದ್ದ ಮಿಕ್ಸರಿನವನಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ಸೋಮಕ್ಕ ಮತ್ತೊಮ್ಮೆ ಕೂಗಿದಳು. ಈ ಸಲ ಹೆಸರು ಹಿಡಿದು, ಒಬ್ಬೊಬ್ಬರನ್ನೇ. ಹೆಸರು ಕರೆದರೆ ಮನುಷ್ಯ ಬರದೆ ಇರಲಾರ. ಒಬ್ಬರ ಹಿಂದೆ ಒಬ್ಬರು ಇಳಿದರು. ಕೊನೆಗೆ ಮೇಸ್ತ್ರಿ ಗೊಣಗುತ್ತ ಇಳಿದು ನೆಲಕ್ಕೆ ಕಾಲಿಟ್ಟ. ಅವನು ನಾಲ್ಕು ಹೆಜ್ಜೆ ಬಂದಿರಬೇಕು, ಮೂಲೆಯ ಕಂಬ ಓರೆಯಾಗಿ, ಪಕ್ಕದ ಎರಡನ್ನು ಎಳೆದುಕೊಂಡು ಬಿತ್ತು. ಮೇಲಿನ ಹಲಗೆ, ಕಬ್ಬಿಣ, ಹಸಿ ಕಾಂಕ್ರೀಟು ಎಲ್ಲ ದೊಪ್ಪನೆ ಕೆಳಗೆ ಬಂದವು. ಧೂಳಲ್ಲ, ಬೂದು ಕೆಸರು ಹಾರಿತು. ಮೇಸ್ತ್ರಿ ಒಂದೊಂದು ತಲೆಯನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದ. ಎಲ್ಲರೂ ಇದ್ದರು. ಅವನು ಎರಡನೆಯ ಸಲ ಎಣಿಸಿದ. ಆಮೇಲೆ ಅಲ್ಲೇ ಜಲ್ಲಿಯ ರಾಶಿಯ ಮೇಲೆ ಕೂತುಬಿಟ್ಟ. ಇವರ ಹೆದರಿಕೆ ಎಲ್ಲಿದೆ ಎಂದು ಹುಡುಕುತ್ತಿದ್ದೆನಲ್ಲ, ಆವತ್ತು ಎಲ್ಲರ ಮುಖದಲ್ಲೂ ಕಂಡೆ. ನೋಡಬಾರದಿತ್ತು ಅನಿಸಿತು.

ಸಂಜೆ ಕಾರಣ ಹುಡುಕಿದೆವು. ಆ ಕಂಬದ ಬುಡದಲ್ಲಿ ಮಣ್ಣು ಮುದ್ದೆಯಾಗಿತ್ತು. ಪಕ್ಕದಲ್ಲೇ, ಬಿದ್ದ ಹಲಗೆಗಳ ಸಂದಿಯಲ್ಲಿ ಇನ್ನೂ ನಿಂತಿದ್ದ ನೀಲಿ ಡ್ರಮ್ಮು, ಅದರ ನಲ್ಲಿಯಿಂದ ತೊಟ್ಟು ತೊಟ್ಟಾಗಿ ಕುಡಿಯುವ ನೀರು. ಮೇಸ್ತ್ರಿ ಡ್ರಮ್ಮನ್ನು ನೋಡಿದ, ನನ್ನನ್ನು ನೋಡಿದ, ಬಗ್ಗಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದ. ಅವನು ಬೈದಿದ್ದರೆ ನನಗೆ ಹಿತವಾಗುತ್ತಿತ್ತು.

ವರದಿ ಬರೆಯಬೇಕಾದವನು ನಾನೇ. ನಮ್ಮ ಕನ್ನಡದಲ್ಲಿ ಒಂದು ಒಳ್ಳೆಯ ಅನುಕೂಲವಿದೆ: ಕರ್ತೃವೇ ಇಲ್ಲದೆ ವಾಕ್ಯ ಮುಗಿಸಬಹುದು. "ಆಸರೆ ಕುಸಿಯುತ್ತಿರುವುದನ್ನು ಸಕಾಲದಲ್ಲಿ ಗಮನಿಸಿ ಕೆಲಸ ನಿಲ್ಲಿಸಲಾಯಿತು. ನೆಲ ತೇವವಾಗಿದ್ದುದು ಕಂಡುಬಂದಿತು" ಎಂದು ಬರೆದೆ. ಸುಳ್ಳು ಒಂದಕ್ಷರವೂ ಇಲ್ಲ. ಇಸ್ಮಾಯಿಲ್ ಸಾಹೇಬರು ಓದಿ ಫೋನು ಮಾಡಿ, "ಶಹಬ್ಬಾಸ್ ನಾಯ್ಕರೆ, ಒಂಬತ್ತು ಜೀವ ಉಳಿಸಿದ್ರಿ" ಎಂದರು. ನಾನು, "ಎಲ್ಲ ದೇವರ ದಯೆ" ಎಂದು ವಿನಯದಿಂದ ಹೇಳಿದೆ. ಆ ವಿನಯವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಊಟಕ್ಕೆ ಕೂತಾಗ ಇದನ್ನೆಲ್ಲ ಹೆಂಡತಿಗೆ ಓದಿ ಹೇಳಿದೆ. ಅವಳು ಸಾರು ಬಡಿಸುತ್ತ, "ಗಮನಿಸಿದ್ದು ಯಾರು?" ಎಂದು ಕೇಳಿದಳು. ನಾನು ಅನ್ನ ಕಲಸಿದೆ. "ನೆಲ ಒದ್ದೆ ಮಾಡಿದ್ದು ಯಾರು?" ಎಂದು ಮತ್ತೆ ಕೇಳಿದಳು. ವ್ಯಾಕರಣ ಓದದವರ ಜೊತೆ ಬದುಕುವುದು ಕಷ್ಟ. ಮರುದಿನ ಬೆಳಿಗ್ಗೆ ಸಾಹೇಬರಿಗೆ ಫೋನು ಮಾಡಿ ಎರಡು ವಾಕ್ಯಕ್ಕೂ ಕರ್ತೃ ಸೇರಿಸಿದೆ. ಮೊದಲನೆಯದಕ್ಕೆ ಸೋಮಕ್ಕ, ಎರಡನೆಯದಕ್ಕೆ ನಾನು. ಕೆಲಸ ಹೋಯಿತು ಎಂದುಕೊಂಡೆ. "ಡ್ರಮ್ಮು ಎಲ್ಲಿಡಬಾರ್ದು ಅಂತ ಇನ್ನು ನಿಮಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇಲ್ಲ. ಬಿಡೂದಿಲ್ಲ ನಿಮ್ಮನ್ನ" ಎಂದರು ಸಾಹೇಬರು. "ಆ ಹೆಂಗಸನ್ನ ಕರ್ಕೊಂಡು ಬನ್ನಿ. ಭಟ್ಕಳದ ಸೈಟಿನೋರು ಅವರ ಬಾಯಿಂದಲೇ ಕೇಳ್ಲಿ."

ಹೋದೆವು. ರೈಲಿನಲ್ಲಿ ಕಿಟಕಿಯ ಪಕ್ಕ ಕೂತ ಸೋಮಕ್ಕನನ್ನು, "ಆ ಮದುಮಗ ಹೊಳೆ ದಾಟಿದ್ನಾ?" ಎಂದು ಕೇಳಿದೆ. "ಅರ್ಧಕ್ಕೆ ನಿಂತ ಹಾಡಲ್ವಾ? ಇನ್ನೂ ದಂಡೆಲೇ ಇದ್ದಾನೆ" ಎಂದು ನಕ್ಕಳು. ಭಟ್ಕಳದಲ್ಲಿ ಮೂವತ್ತು ಜನರ ಎದುರು ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಮಿಕ್ಸರಿನ ಗಲಾಟೆ, ಹಾಡಿನ ಗಲಾಟೆ, ಅಷ್ಟರ ನಡುವೆ ಕಂಬದ ಸದ್ದು ನಿಮಗೆ ಹೇಗೆ ಕೇಳಿತು ಎಂದು ಸಾಹೇಬರೇ ಕೇಳಿದರು. ನನಗೂ ಅದೇ ಕುತೂಹಲ. ಮುಂದಕ್ಕೆ ಬಾಗಿ ಕೂತೆ. ಸೋಮಕ್ಕ ಹೇಳಿದಳು: "ಹಾಡೂದು ಬಾಯಿ. ಕಿವಿ ಖಾಲಿ ಇರ್ತದೆ. ಬಾಣ್ಲೆ ಕೈ ಬದ್ಲೂದು, ಮೇಲಿನೋರ ಕಾಲು, ಮಿಕ್ಸರು ತಿರ್ಗೂದು, ಎಲ್ಲ ಒಂದು ಲೆಕ್ಕಕ್ಕೆ ಬತ್ತಾ ಇತ್ತು. ನಡುವೆ ಒಂದು ಚಟ್ ಅಂತು, ಅದು ತಾಳಕ್ಕೆ ಸೇರ್ಲಿಲ್ಲ. ಯಾರೋ ಮೆಟ್ಟಿರ್ಬೇಕು ಅಂದ್ಕಂಡೆ. ಮತ್ತೊಂದು ಸಲ ಅಂತು. ಆಗ ಹಾಡು ನಿಲ್ಸಿದೆ." ಸಾಹೇಬರು ಎದ್ದು ಅವಳಿಗೆ ತಾವೇ ಚಹಾ ತಂದುಕೊಟ್ಟರು.

ಕುಮಟೆಯಲ್ಲಿ ಮೂಲೆಯನ್ನು ಮತ್ತೆ ಕಟ್ಟಿದೆವು. ಈ ಸಲ ಪ್ರತಿ ಕಂಬದ ಬುಡದ ಮಣ್ಣನ್ನೂ ನಾನೇ ಮಂಡಿಯೂರಿ ಕೂತು ಒತ್ತಿ ನೋಡಿದೆ, ಅಡಿಗೆ ದಪ್ಪ ಹಲಗೆ ಹಾಕಿಸಿದೆ. ಆದರೂ ಸಮಾಧಾನವಿಲ್ಲ. ಸೋಮಕ್ಕನಿಗೆ ಕೇಳಿಸುವುದು ನನಗೂ ಕೇಳಿಸಬೇಕು, ಅದಿಲ್ಲದೆ ನಾನೆಂಥ ಸೇಫ್ಟಿಯವ ಅನಿಸಿತು. ತಾಳ ಕಲಿಯಬೇಕಾದರೆ ಸಾಲಿನಲ್ಲೇ ನಿಲ್ಲಬೇಕು. ಕಾಂಕ್ರೀಟು ಹಾಕುವ ದಿನ ಕುರ್ಚಿ ಬಿಟ್ಟು ಹೋಗಿ ಸೋಮಕ್ಕನ ಪಕ್ಕದಲ್ಲಿ ನಿಂತೆ. ಅವಳು ಹಾಡು ಶುರುಮಾಡಿದಳು. ನಾನೂ ಗಂಟಲು ಸರಿಮಾಡಿಕೊಂಡು ದನಿಗೂಡಿಸಿದೆ, ಬಾಣಲೆ ತೆಗೆದುಕೊಂಡೆ, ಕೊಟ್ಟೆ, ಮತ್ತೆ ತೆಗೆದುಕೊಂಡೆ. ಮೈಯೆಲ್ಲ ಕಿವಿಯಾಗಿತ್ತು. ಹತ್ತು ಬಾಣಲೆ ಆಗಿರಬಹುದು, ಸೋಮಕ್ಕ ಕೈ ಎತ್ತಿ ಹಾಡು ನಿಲ್ಲಿಸಿದಳು. ಮೇಲಿದ್ದ ಒಂಬತ್ತೂ ಜನ, ಮೇಸ್ತ್ರಿ ಮೊದಲಾಗಿ, ತುದಿಗಾಲಿನಲ್ಲಿ ನಿಂತರು.

"ಎಂತ ಆತು ಸೋಮಕ್ಕ?" ಎಂದು ಪಿಸುಗುಟ್ಟಿದೆ.

ಅವಳು ನನ್ನನ್ನು ಮರುಕದಿಂದ ನೋಡಿದಳು. "ನಾಯ್ಕರೆ, ಬೇಜಾರು ಮಾಡ್ಕಣ್ಬೇಡಿ, ನೀವು ಆಚೆ ನಿಲ್ಲಿ. ತಾಳ ತಪ್ತಾ ಇರೂದು ನಿಮ್ದು. ಹೀಗಾದ್ರೆ ಕಂಬದ ಸದ್ದು ಯಾವ್ದು, ನಿಮ್ಮ ಸದ್ದು ಯಾವ್ದು ಅಂತ ನಂಗೆ ಗೊತ್ತಾಗೂದಿಲ್ಲ."

ಸೈಟಿನ ಒಟ್ಟು ಸುರಕ್ಷತೆಯನ್ನು ಗಮನದಲ್ಲಿಟ್ಟುಕೊಂಡು ನಾನು ಬಾಣಲೆ ಇಳಿಸಿ ಅಂಗಳದ ಆಚೆ ತುದಿಗೆ ಹೋಗಿ ನಿಂತೆ. ಸ್ಲ್ಯಾಬು ನಾಲ್ಕು ಗಂಟೆಗೆಲ್ಲ ಮುಗಿಯಿತು.