ಮುತ್ಯಾನ ಗಾಡಿ ಚಾವಿ

ಸುಮ್ನ ಕೂತವರ ಮನ್ಯಾಗ ಏನೂ ಆಗೂದಿಲ್ಲ. ನಾ ಸುಮ್ನ ಕೂಡೂ ಪೈಕಿ ಅಲ್ಲ, ಅದಕ್ಕ ನಮ್ಮ ಮನ್ಯಾಗ ದಿನಾ ಒಂದಿಲ್ಲೊಂದು ಆಗ್ತಿರತದ.

ನನಗ ಈಗ ಎಪ್ಪತ್ತಮೂರು. ಮೂವತ್ತು ವರ್ಷ ಸರ್ಕಾರಿ ಬಸ್ ಹೊಡದು ರಿಟೈರ್ ಆಗೀನಿ. ಕಲಬುರಗಿ ಜೇವರ್ಗಿ ಕಾಲೋನಿಯೊಳಗ ನಾನು, ನಮ್ಮ ಮನ್ಯಾಕಿ, ಮಗ, ಸೊಸಿ, ಮೊಮ್ಮಗಳು ಎಲ್ಲಾರೂ ಕೂಡೇ ಇದ್ದೀವಿ. ಎಲ್ಲಾರಿಗೂ ನನ್ನ ಮ್ಯಾಲ ಭಾಳ ಪ್ರೀತಿ. ಅದೇ ನನಗ ದೊಡ್ಡ ತ್ರಾಸ. "ಈ ವಯಸ್ಸಿನ್ಯಾಗ ನಿಮಗ ಇದೆಲ್ಲಾ ಯಾಕ್ರಿ?" ಅಂತ ಯಾರರ ಶುರು ಮಾಡಿದ್ರ ಸಾಕು, ನನ್ನ ಪಿತ್ತ ನೆತ್ತಿಗೇರತದ. ಈ ಸಲ ಮಳಿ ನಿಂತು ದಸರಾ ಬರೂದ್ರೊಳಗ ನನ್ನ ಹಳೇ ಮೊಪೆಡ್ ಗಾಡಿ ಸಲುವಾಗಿ ಮನ್ಯಾಗ ಒಂದು ಯುದ್ಧನ ಆತು.

ಟಾಕಿ

ನವರಾತ್ರಿಗೆ ಘಟ ಕೂಡಸೂಕಿಂತ ಮೊದಲ ಮನಿಯೆಲ್ಲಾ ತೊಳಿಯೂದು ನಮ್ಮ ಕಡಿ ಪದ್ಧತಿ. ಓಣಿ ಹೆಣ್ಣಮಕ್ಕಳೆಲ್ಲಾ ಕೌದಿ ಒಗದು ಒಣ ಹಾಕಿದ್ರು. ನಮ್ಮ ನೀರಿನ ಟಾಕಿ ಮಾತ್ರ ಯಾರೂ ನೋಡಿರಲಿಲ್ಲ. ನಾ ಧೋತ್ರಾ ಮ್ಯಾಲ ಕಟ್ಟಿ, ಮಾಳಗಿ ಏರಿ, ಟಾಕಿ ಮ್ಯಾಲ ನಿಂತೆ. ನಿಲ್ಲೂದ್ರಾಗ ಕೈಯಾಗಿನ ಟಾಕಿ ತಿಕ್ಕೂ ಬ್ರಶ್ ಜಾರಿ ಕೆಳಗ ಅಂಗಳಕ್ಕ ಬಿತ್ತು. "ಯಾರರ ಬರ್ರಿ!" ಅಂತ ಕೈ ಬೀಸಿ ಒದರಿದೆ.

ಎದುರು ಮನಿ ಮಾಸ್ತರು ಹೊರಗ ಬಂದು ನೋಡಿ ಗಾಬರ್ಯಾದ್ರು. "ಕಾಕಾ! ಏನ್ ತ್ರಾಸ ಇದ್ರೂ ಕೂತು ಮಾತಾಡೂಣ! ದುಡುಕಬ್ಯಾಡ್ರಿ!" ಅಂದ್ರು. ಹತ್ತು ನಿಮಿಷದಾಗ ಓಣಿ ಮಂದಿಯೆಲ್ಲಾ ಕೂಡಿತು. ನಾಕು ಮಂದಿ ಹೆಣ್ಣಮಕ್ಕಳು ಒಣ ಹಾಕಿದ್ದ ಕೌದಿ ತಂದು ನಾಕು ಮೂಲಿ ಹಿಡದು ನನ್ನ ಕೆಳಗ ನಿಂತ್ರು. ನಾ ಬ್ರಶ್ ಬ್ರಶ್ ಅಂತ ಒದರಿದ್ರ ಆ ಗದ್ದಲದಾಗ ಯಾರಿಗೆ ಕೇಳಬೇಕು?

ಮಗ ಆಫೀಸಿನಿಂದ ಓಡಿ ಬಂದ. ತಲಿ ಮ್ಯಾಲಿನ ಹೆಲ್ಮೆಟ್ ಸೈತ ತಗದಿರಲಿಲ್ಲ. ಕಣ್ಣಾಗ ನೀರು. "ಅಪ್ಪಾ, ನನ್ನಿಂದ ಏನರ ತಪ್ಪಾಗ್ಯದೇನ್ರಿ?"

"ಆಗ್ಯದ! ಬ್ರಶ್ ನಿನ್ನ ಕಾಲಾಗೇ ಬಿದ್ದದ. ಅದರ ಮ್ಯಾಲೇ ನಿಂತಿ!"

ಬಾವಿ

ಕಮಲಾಪುರದಾಗ ನನ್ನ ಬಾಲ್ಯದ ದೋಸ್ತ ಇದ್ದಾನ. ಅವನದು ಕೆಂಪು ಬಾಳಿ ತ್ವಾಟ. ವಾರಕ್ಕೊಮ್ಮೆ ನನ್ನ ಮೊಪೆಡ್ ಮ್ಯಾಲ ಅವನ ಕಡಿ ಹೋಗಿ ಬರ್ತೀನಿ. ಮಳಿ ಮುಗದ ಮ್ಯಾಲ ಅವನ ಬಾವಿ ತುಂಬಿ ಇಳಿಯೂ ಪಾವಟಿಗಿ ಮುಳಗಿರತಾವ. ನಾವಿಬ್ರೂ ಈಜ ಕಲ್ತದ್ದು ಅದೇ ಬಾವ್ಯಾಗ. ಆದ್ರ ಅವನ ಸೊಸಿ, "ಬಾವಿ ಕಡಿ ಹೋದ್ರ ನೋಡ್ರಿ ಮತ್ತ" ಅಂತ ಅವನಿಗೆ ತಾಕೀತು ಮಾಡಿದ್ದಳು. ನಾವು "ಬಾಳಿಗೊನಿ ನೋಡ್ಕೊಂಡು ಬರ್ತೀವಿ" ಅಂತ ಹೇಳಿ ಸೀದಾ ಹೋಗಿ ಬಾವಿಗೆ ಜಿಗದಿವಿ. ಆಹಾ, ಏನ್ ಸುಖ!

ಈಜಿ ಮ್ಯಾಲ ಬಂದು ನೋಡಿದ್ರ ದಂಡಿ ಮ್ಯಾಲ ಬಿಚ್ಚಿಟ್ಟ ನಮ್ಮ ಅರವಿ ಇಲ್ಲ. ಆ ಸೊಸಿ ಬಂದು, ನೋಡಿ, ಎಲ್ಲಾ ಎತ್ತಿಕೊಂಡು ಹೋಗಿದ್ದಳು. ದೋಸ್ತ ಅಂದ, "ತಪ್ಪಾಯ್ತು ಅಂತ ಮಾಫಿ ಕೇಳ್ಲಿ ಅಂತ ಒಯ್ದಾಳ." "ಮಾಫಿ? ನನ್ನ ಚಪ್ಪಲಿ ಕೇಳತದ!" ಅಂತ ನಾ ಎರಡು ದೊಡ್ಡ ಬಾಳಿ ಎಲಿ ಹರದೆ. ಒಂದು ಅವನು ಸುತ್ತಿಕೊಂಡ, ಒಂದು ನಾನು. ಎದಿ ಉಬ್ಬಿಸಿಕೊಂಡು ಮನಿಗೆ ನಡದಿವಿ.

ಅಂಗಳದಾಗ ದೋಸ್ತನ ಮೊಮ್ಮಗಳನ್ನ ನೋಡಾಕ ಬೀಗರು ಬಂದು ಕೂತಿದ್ರು. ಸಂಜಿಗೆ ಬರ್ತೀವಿ ಅಂದವರು ಮಧ್ಯಾಹ್ನನ ಬಂದು ಬಿಟ್ಟಿದ್ರು. ಸೊಸಿ ಸೆರಗು ಬಾಯಿಗೆ ಹಿಡಕೊಂಡಳು. ಗಂಡಿನ ಮುತ್ಯಾ, ನಮ್ಮ ವಯಸ್ಸಿನವರೇ, ನಮ್ಮನ್ನ ಮ್ಯಾಲಿಂದ ಕೆಳಗ ನೋಡಿದ್ರು. ತಮ್ಮ ಮಗನ ಕಡಿ ನೋಡಿದ್ರು. ಮಗ ಬ್ಯಾರೆ ಕಡಿ ನೋಡಾಕತ್ತಾನ ಅಂತ ಖಾತ್ರಿ ಆದ ಮ್ಯಾಲ ನನ್ನ ಕಿವ್ಯಾಗ ಕೇಳಿದ್ರು, "ಬಾವಿ ಯಾವ ಕಡಿ ಅದರಿ?"

ಬಸ್ಸು

ನಾ ಮನಿ ಮುಟ್ಟೂದ್ರೊಳಗ ದೋಸ್ತನ ಸೊಸಿ ತಗದ ಬಾಳಿ ಎಲಿ ಫೋಟೋ ನಮ್ಮ ಮಗನ ಫೋನಿಗೆ ಮುಟ್ಟಿತ್ತು. ಅವತ್ತೇ ನನ್ನ ಗಾಡಿ ಚಾವಿ ಕಸಗೊಂಡ. "ಸಾಕ್ರಿ ಅಪ್ಪಾ. ಈ ಗಾಡಿ ಮಾರಿ ಬಿಡ್ತೀನಿ" ಅಂದ. ಗಾಡಿ ಹೋತಂದ್ರ ನಾ ಎಲ್ಲಿಗೆ ಹೋಗಬೇಕಂದ್ರೂ ಒಬ್ಬರ ಮಾರಿ ನೋಡ್ಕೋತ ಕೂಡಬೇಕು. ಅದು ನನ್ನ ಕೈಲೆ ಆಗೂ ಮಾತಲ್ಲ. "ಗಾಡಿ ಇಲ್ಲಂದ್ರ ಬಸ್ ಅವ. ನಾ ಏನು ನಿಲ್ಲೂದಿಲ್ಲ" ಅಂತ ಹೇಳಿ ಮರುದಿನನ ಕಮಲಾಪುರದ ಬಸ್ ಹತ್ತಿದೆ.

ಡ್ರೈವರನ ಹಿಂದಿನ ಸೀಟ್ ಸಿಕ್ತು. ಬಾಜೂಕ ಕೂತಾಕಿ ನನ್ನ ಕಾಲ ಮುಂದ ಸೀತಾಫಲದ ಬುಟ್ಟಿ ಇಟ್ಟಿದ್ದಳು. ಜಗತ್ ಸರ್ಕಲ್ ಹತ್ರ ಒಂದು ಆಟೋ ಅಡ್ಡ ಬಂತು. ಡ್ರೈವರ್ ಬ್ರೇಕ್ ಹಾಕೂಕಿಂತ ಮೊದಲ ನನ್ನ ಬಲಗಾಲು ಹಾಕಿತು. ಮೂವತ್ತು ವರ್ಷದ ರೂಢಿ ನೋಡ್ರಿ. ಪಾದ ಪಚಕ್ಕನ ಹಣ್ಣಿನೊಳಗ ಇಳೀತು.

"ಎಪ್ಪಾ! ಬಸ್ ನಿಲ್ಲಸಾಕ ನನ್ನ ಬುಟ್ಟಿನ ಬೇಕಾತೇನು?" ಅಂತ ಆಕಿ ಒದರಿದಳು. ಹಣ್ಣೆಲ್ಲಾ ನಾನ ತಗೋತೀನಿ ಅಂತ ಸಮಾಧಾನ ಮಾಡಿದೆ. ಆದ್ರ ಬಾಯಿ ಎಲ್ಲಿ ಸುಮ್ನಿರತದ? "ಗೇರ್ ಇಳಸೋ ತಮ್ಮಾ! ಎಂಜಿನ್ ಅಳಾಕತ್ತದ, ಕೇಳಸೂದಿಲ್ಲೇನು?"

ಆ ಡ್ರೈವರ್ ಬಸ್ ಬದಿಗೆ ನಿಲ್ಲಿಸಿದ. ತಿರುಗಿ ಕೈ ಮುಗದ. "ಕಾಕಾ, ಒಂದು ಬಸ್ಸಿಗೆ ಇಬ್ಬರು ಡ್ರೈವರ್ ಬ್ಯಾಡ್ರಿ. ನೀವರ ಹೊಡೀರಿ, ಇಲ್ಲಂದ್ರ ನನಗರ ಬಿಡ್ರಿ."

ಬಸ್ಸಿನ್ಯಾಗ ನಗೆ ಎದ್ದಿತು. ನನ್ನ ನೋಡಿದ ಕೂಡ್ಲೇ ನಗೆ ನಿಂತಿತು. ಖರೇ ಹೇಳ್ತೀನಿ, ಸ್ಟೇರಿಂಗ್ ಹಿಡ್ಯಾಕ ನಾ ಆಗಲೇ ಅರ್ಧ ಎದ್ದಿದ್ದೆ.

ಖಂಡೇಪೂಜಿ

ದಸರಾದ ಹಿಂದಿನ ದಿನ ನಮ್ಮಲ್ಲಿ ಖಂಡೇಪೂಜಿ. ದುಡಿಯೂ ಸಾಮಾನೆಲ್ಲಾ ದೇವರ ಮುಂದ ಇಟ್ಟು ಪೂಜಿ ಮಾಡಿದ್ರ, ಮರುದಿನ ಬನ್ನಿ ಕೊಡೂ ತನಕ ಯಾರೂ ಮುಟ್ಟಂಗಿಲ್ಲ. ಈ ವಿಷಯದಾಗ ನಮ್ಮ ಮನ್ಯಾಕಿ ಭಾಳ ಕಡಕ್. ಮಗ ಮುಂಜಾನೆದ್ದು ಕುಡಗೋಲು, ಸುತ್ತಗಿ, ಸ್ಕ್ರೂಡ್ರೈವರ್ ಸಾಲಾಗಿ ಇಟ್ಟು, ನನ್ನ ಕಡಿ ನೋಡಿ ನಗತಾ ಅವುಗಳ ನಡಕ ನನ್ನ ಗಾಡಿ ಚಾವಿನೂ ಇಟ್ಟ. "ಇನ್ನ ನಾಳಿ ತನಕ ಮುಟ್ಟಂಗಿಲ್ರಿ ಅಪ್ಪಾ" ಅಂದ. "ಆಗಲಪ್ಪಾ" ಅಂದೆ. ಅವನು ಜಳಕಕ್ಕ ಹೋದ.

ನಾ ಎದ್ದೆ. ಅವನ ಫೋನ್ ತಂದೆ. ಸೊಸಿ ಮಿಕ್ಸರ್ ತಂದೆ. ಟಿವಿ ರಿಮೋಟ್ ತಂದೆ. ಎಲ್ಲಾ ಸಾಲಿನ್ಯಾಗ ಇಟ್ಟು, ಫೋನ್ ಬೋರಲ ಹಾಕಿ, ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಮ್ಯಾಲ ಬುಟ್ಟಿ ತುಂಬ ಚೆಂಡು ಹೂ ಸುರವಿದೆ. ನಮ್ಮ ಮನ್ಯಾಕಿ ಆರತಿ ತಾಟು ಹಿಡಕೊಂಡು ಬಂದಳು. ಸಾಲು ಒಮ್ಮೆ ನೋಡಿದಳು. ಒಂದು ಹೂ ಸರಿಸಿ ನೋಡಿ ಮತ್ತ ಮುಚ್ಚಿದಳು. ಆರತಿ ಬೆಳಗಿ ಕಾಯಿ ಒಡದಳು.

ಮಗ ಟಾವೆಲ್ ಮ್ಯಾಲೇ ಓಡಿ ಬಂದ. "ಅಪ್ಪಾ! ನನ್ನ ಫೋನ್!"

"ಹಗಲೆಲ್ಲಾ ಕೈಯಾಗ ಹಿಡದಿರತಿ. ಅದಕ್ಕಿಂತ ದೊಡ್ಡ ಆಯುಧ ಈ ಮನ್ಯಾಗ ಯಾವುದದ?"

"ಅವ್ವಾ, ನೀ ಆದ್ರೂ ಹೇಳು!"

"ಪೂಜಿ ಆಗ್ಯದ. ಮುಟ್ಟಿದ್ರ ನೋಡು" ಅಂದಳು ಆಕಿ.

ಅಷ್ಟೊತ್ತಿಗೆ ಹೂವಿನ ಗುಂಪಿನೊಳಗಿಂದ ಫೋನ್ ಬಾರಿಸಾಕತ್ತಿತು. ಹೂವೆಲ್ಲಾ ಗಡಗಡ ನಡಗಿದವು. ನಿಂತಿತು, ಮತ್ತ ಬಾರಿಸಿತು. ಮಗ ಕೈ ಹಿಚಕೋತ ಪಡಸಾಲ್ಯಾಗ ಸುತ್ತಿದ್ದೇ ಸುತ್ತಿದ್ದು. ಸೊಸಿ ಒಳಕಲ್ಲು ತೋರಿಸಿ, "ಮಾವಾರ, ಚಟ್ನಿ ನೀವ ಅರೀಬೇಕು" ಅಂದಳು. ಅರದೆ. ಚಾವಿ ಸಲುವಾಗಿ ನಾ ಏನ್ ಬೇಕಾದ್ರೂ ಅರೀತೀನಿ.

ಮಧ್ಯಾಹ್ನ ದಾಟಿತು. ಮಗ ಸೋತ. "ಅವ್ವಾ, ಫೋನ್ ಒಂದು ತಗೋಳಾಕ ಏನರ ದಾರಿ ಅದನು?"

"ಎತ್ತಿದ್ರ ಎಲ್ಲಾ ಕೂಡೇ ಎತ್ತಬೇಕು. ನಿಮ್ಮಪ್ಪನ ಚಾವಿ ಬಿಟ್ಟು ನಿನ್ನ ಫೋನ್ ಎತ್ತೂದು ನಡ್ಯೂದಿಲ್ಲ. ಅವರ ಕೈಯಾಗ ಚಾವಿ ಕೊಟ್ಟು, ಇನ್ನೊಂದು ಕಾಯಿ ಒಡದು, ಎತ್ತು."

ಮಗ ಮಾರಿ ಸಣ್ಣದು ಮಾಡಿ ನನಗ ಚಾವಿ ಕೊಟ್ಟ. ಕಾಯಿ ಒಡದ. ಫೋನ್ ಎತ್ತಿ, ಬಾರಿಸಿದವರಿಗೆ ಹಚ್ಚಿದ. ಕೇಳಿ ಹಂಗ ಕುಂತ ಬಿಟ್ಟ.

"ಯಾರಪ್ಪಾ?" ಅಂದೆ.

"ನಿಮ್ಮ ಗಾಡಿ ನೋಡಿ ಮುಂಗಡ ಕೊಡಾಕ ಬಂದವರ್ರಿ. ಮುಂಜಾನಿಂದ ಮನಿ ಹುಡುಕಿ, ಫೋನ್ ಹಚ್ಚಿ ಹಚ್ಚಿ, ಸಿಟ್ಟಾಗಿ ಬ್ಯಾರೆ ಗಾಡಿ ತಗೊಂಡು ಹೋದ್ರಂತ."

ನಾ ದೇವರಿಗೆ ದೊಡ್ಡದೊಂದು ನಮಸ್ಕಾರ ಹಾಕಿದೆ. "ನೋಡಿದೇನು, ದೇವರು ನನ್ನ ಕಡಿ ಇದ್ದಾನ!"

"ದೇವರಲ್ಲ, ನಾ!" ಅಂದಳು ನಮ್ಮ ಮನ್ಯಾಕಿ. "ಗಿರಾಕಿ ಬರ್ತಾನಂತ ಮಗ ಮುಂಜಾನಿನೇ ನನಗ ಹೇಳಿದ್ದ. ಹೂವಿನ ಬುಡಕ ಫೋನ್ ಅದ ಅಂತ ಗೊತ್ತಿದ್ದೇ ಕಾಯಿ ಒಡದೀನಿ. ಗಾಡಿ ಮಾರಿದ್ರ ನಾಳಿ ಕಮಲಾಪುರದಾಗಿನ ನನ್ನ ತಂಗಿಗೆ ಬನ್ನಿ ಕೊಡಾಕ ನಾ ಯಾರ ಹಿಂದ ಕೂತು ಹೋಗ್ಲಿ?"